ಲೆಕ್ಕಕ್ಕೆ ಸಿಗದ ನೀರು

ಕರೆಮಲ್ಲಿಹಾಳದ ಮಣ್ಣಿನ ಅಣೆಕಟ್ಟು ತನ್ನ ಒಡಲಲ್ಲಿ ಎಲ್ಲಿ ಎಷ್ಟು ತೇವವಿದೆ ಎಂದು ತಾನೇ ಹೇಳತೊಡಗಿದ ಮೇಲೆ, ಅದರ ಕೆಳಗಿನ ಊರುಗಳ ಜನ ಅಣೆಕಟ್ಟಿನ ಚಿಂತೆಯನ್ನೇ ಬಿಟ್ಟರು. ಒಡ್ಡನ್ನು ಎತ್ತರಿಸುವಾಗ ಮಣ್ಣಿನ ಜೊತೆಗೆ ಸಾಸಿವೆ ಕಾಳಿನಷ್ಟು ಸಣ್ಣ ಯಂತ್ರಕಣಗಳನ್ನು ಕಲಸಿ ಹಾಕಿದ್ದರು. ಒಂದೊಂದು ಕಣವೂ ತನ್ನ ಸುತ್ತಲಿನ ಮಣ್ಣು ಎಷ್ಟು ಹಸಿಯಾಗಿದೆ ಎಂಬುದನ್ನು ನಿಯಂತ್ರಣ ಕೊಠಡಿಗೆ ತಿಳಿಸುತ್ತಿತ್ತು. ಒಡ್ಡಿನ ಉದ್ದಕ್ಕೂ ನಿಂತ ಕಂಬಗಳಲ್ಲಿ ಹಸಿರು ದೀಪ ಉರಿಯುತ್ತಿದ್ದರೆ ಎಲ್ಲ ಕ್ಷೇಮ. ಮೊದಲೆಲ್ಲ ಮಳೆಗಾಲ ಬಂತೆಂದರೆ ಕಾಳುಕಡಿಯನ್ನು ಅಟ್ಟಕ್ಕೇರಿಸುತ್ತಿದ್ದ ಬೋರಗಟ್ಟಿಯ ಜನ ಈಗ ಒಡ್ಡಿನ ಬುಡದವರೆಗೂ ಮನೆ ಕಟ್ಟಿಕೊಂಡಿದ್ದರು. ಒಡ್ಡಿನ ಮೇಲೆ ಗಸ್ತು ತಿರುಗುತ್ತಿದ್ದವರನ್ನು ಇಲಾಖೆ ಬೇರೆ ಕೆಲಸಕ್ಕೆ ಹಚ್ಚಿತ್ತು.

ಆದರೆ ಕಣಗಳಿಗೆ ಗೊತ್ತಿದ್ದದ್ದು ಈ ಗಳಿಗೆಯ ತೇವ ಮಾತ್ರ. ನಾಳೆ ಜಲಾಶಯ ತುಂಬಿದರೆ ನೀರು ಒಡ್ಡಿನೊಳಗೆ ಎಲ್ಲಿಯವರೆಗೆ ನುಗ್ಗುತ್ತದೆ, ಎಷ್ಟು ಬಾಗಿಲು ತೆರೆಯಬೇಕು ಎಂಬುದನ್ನು ಹೇಳುತ್ತಿದ್ದದ್ದು ಡಾ. ಮಹಾನಂದಾ ಕಡಕೋಳ ಕಟ್ಟಿದ ಗಣಿತ.

ಕೊಳವೆಯಲ್ಲಿ ಹರಿಯುವ ನೀರಿನ ಲೆಕ್ಕ ಸುಲಭ. ಮಣ್ಣಿನದು ಹಾಗಲ್ಲ. ಒಣಗಿದ ಮಣ್ಣು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ, ಮುಂದಕ್ಕೆ ಬಿಡುವುದಿಲ್ಲ. ಅದೇ ಮಣ್ಣು ಚೆನ್ನಾಗಿ ನೆನೆದರೆ ಸಾವಿರ ಪಾಲು ಸಲೀಸಾಗಿ ದಾರಿ ಕೊಡುತ್ತದೆ. ನೀರು ಎಷ್ಟು ಬೇಗ ಹೋಗುತ್ತದೆಂದು ತಿಳಿಯಬೇಕಾದರೆ ಮಣ್ಣು ಎಷ್ಟು ನೆನೆದಿದೆಯೆಂದು ಗೊತ್ತಿರಬೇಕು. ಎಷ್ಟು ನೆನೆದಿದೆಯೆಂದು ತಿಳಿಯಬೇಕಾದರೆ ನೀರು ಎಷ್ಟು ಹೋಗಿದೆಯೆಂದು ಗೊತ್ತಿರಬೇಕು. ಹಾಗಾಗಿ ಮಹಾನಂದಾ ಇಡೀ ಒಡ್ಡನ್ನು ಚೌಕಾಬಾರದ ಮನೆಗಳಂತೆ ಲಕ್ಷಾಂತರ ಸಣ್ಣ ಮನೆಗಳಾಗಿ ಒಡೆದಿದ್ದಳು. ಪ್ರತಿ ಮನೆಗೂ ಒಂದು ಉತ್ತರವನ್ನು ಊಹಿಸುವುದು, ಪಕ್ಕದ ಮನೆಯೊಂದಿಗೆ ತಾಳೆ ನೋಡುವುದು, ತಪ್ಪನ್ನು ತಿದ್ದಿ ಮತ್ತೆ ಊಹಿಸುವುದು. ಎಲ್ಲ ಮನೆಗಳೂ ಪರಸ್ಪರ ಒಪ್ಪಿದ ಮೇಲೆ ಕಾಲದಲ್ಲಿ ಒಂದು ಸಣ್ಣ ಹೆಜ್ಜೆ ಮುಂದಿಡುವುದು. ಇಪ್ಪತ್ತು ವರ್ಷ ಅವಳು ಇದನ್ನೇ ಮಾಡಿದ್ದಳು. ಅವಳ ಲೆಕ್ಕ ನಿಧಾನ, ಆದರೆ ಒಂದು ಹನಿಯನ್ನೂ ಕಳೆಯುತ್ತಿರಲಿಲ್ಲ.

ಹೀಗಿರುವಾಗ ಸ್ವರೂಪಾ ತಳವಾರ ಬಂದಳು.

ಮೂವತ್ತು ದಾಟದ ಹುಡುಗಿ. ಬಂದ ದಿನವೇ ಮಹಾನಂದಾಳ ಕಾಲು ಮುಟ್ಟಿ, "ನಿಮ್ಮ ಲೇಖನ ಓದೇ ನಾ ಈ ದಾರಿ ಹಿಡದದ್ದು ಮೇಡಂ" ಎಂದಿದ್ದಳು. ಒಂದೇ ವರ್ಷದಲ್ಲಿ ಅವಳು ತನ್ನದೇ ಒಂದು ಲೆಕ್ಕ ತಯಾರಿಸಿದಳು. ಅದರಲ್ಲಿ ಮನೆಗಳು ಒಂದೇ ಅಳತೆಯವಲ್ಲ. ನೀರು ನುಗ್ಗುತ್ತಿರುವ ಕಡೆ ಅವು ತಾವಾಗಿ ಒಡೆದು ಚಿಕ್ಕವಾಗುತ್ತಿದ್ದವು, ನೀರು ನಿಂತ ಕಡೆ ಒಂದಕ್ಕೊಂದು ಕೂಡಿ ದೊಡ್ಡವಾಗುತ್ತಿದ್ದವು. ಜೊತೆಗೆ ಗಂಟೆಗೊಮ್ಮೆ ಕಣಗಳ ಅಳತೆಯನ್ನು ನೋಡಿ ಲೆಕ್ಕ ತನ್ನನ್ನು ತಾನೇ ತಿದ್ದಿಕೊಳ್ಳುತ್ತಿತ್ತು. ಮಹಾನಂದಾಳ ಲೆಕ್ಕಕ್ಕೆ ಅರ್ಧ ದಿನ ಹಿಡಿಯುತ್ತಿದ್ದ ಕೆಲಸ ಇಲ್ಲಿ ಚಹಾ ಕುಡಿದು ಕಪ್ಪು ಕೆಳಗಿಡುವುದರೊಳಗೆ ಮುಗಿಯುತ್ತಿತ್ತು.

ಮುಖ್ಯ ಎಂಜಿನಿಯರ್ ನಿಂಗನಗೌಡರು ಜಲಾಶಯದ ಬಾಗಿಲುಗಳನ್ನು ಹೊಸ ಲೆಕ್ಕಕ್ಕೆ ಜೋಡಿಸಿದರು. ಹಳೆಯದನ್ನು ನಿಲ್ಲಿಸಲಿಲ್ಲ, ಮೂಲೆಯ ಒಂದು ಯಂತ್ರಕ್ಕೆ ಸಾಗಿಸಿದರು.

ಅಂದಿನಿಂದ ಮಹಾನಂದಾಳಿಗೆ ನಿಯಂತ್ರಣ ಕೊಠಡಿಯಲ್ಲಿ ಕಣ್ಣು, ಕಿವಿ ಎರಡೂ ಒಂದೇ ಕಡೆ. ಸ್ವರೂಪಾ ನಕ್ಕರೆ ಯಾಕೆ ನಕ್ಕಳು ಎಂದು ತಿಳಿಯಬೇಕು. ಸಿಬ್ಬಂದಿ ಅವಳ ಪರದೆಯ ಸುತ್ತ ನಿಂತರೆ ಇವಳಿಗೆ ಬಾಯಾರಿಕೆಯಾಗಿ, ಅತ್ತ ಕಡೆಯ ನೀರಿನ ಕೊಡಕ್ಕೇ ಹೋಗಬೇಕು. ಒಮ್ಮೆ ಸ್ವರೂಪಾ ನೆಗಡಿಯಾಗಿ ವಾರ ರಜೆ ಹಾಕಿದಾಗ ಮಹಾನಂದಾಳಿಗೆ ಊಟ ರುಚಿಸಿತು. ಅದು ತನಗೇ ಗೊತ್ತಾಗಿ ತಟ್ಟೆಯ ಮುಂದೆ ಒಂದು ಕ್ಷಣ ಕೈ ನಿಂತಿತು. ಹುಡುಗಿ ಸೊಕ್ಕಿನವಳಾಗಿದ್ದರೆ ಎಷ್ಟು ಚೆನ್ನಾಗಿತ್ತು! ಅವಳೋ ಪ್ರತಿ ಮಾತಿಗೂ "ಮೇಡಂ, ನೀವು ಹೆಂಗ ಮಾಡಿದ್ರಿ ಇದನ್ನ?" ಎಂದು ಕೇಳುತ್ತಿದ್ದಳು. ಅವಳು ಕೇಳಿದಷ್ಟೂ ಮಹಾನಂದಾಳಿಗೆ ಎದೆಯಲ್ಲಿ ಉರಿ ಏಳುತ್ತಿತ್ತು.

ಮಹಾನಂದಾಳ ಗಂಡ ಪ್ರಭುಲಿಂಗ ದನದ ಡಾಕ್ಟರು. ಸಂಜೆ ಕೈಗೆ ಫಿನಾಯಿಲಿನ ವಾಸನೆ ಹೊತ್ತು ಮನೆಗೆ ಬರುವವನು, ಹೆಂಡತಿ ರೊಟ್ಟಿ ಬಡಿಯುವ ಸದ್ದಿನಲ್ಲೇ ಆ ದಿನದ ಸುದ್ದಿ ತಿಳಿಯುತ್ತಿದ್ದ.

"ಇವತ್ತ ಆಕಿ ಏನ್ ಮಾಡಿದ್ಲು?" ಎಂದು ಕೇಳಿದ ಒಂದು ಸಂಜೆ.

"ಯಾರು?"

"ರೊಟ್ಟಿ ಅಷ್ಟ್ ಜೋರ್ ಯಾರ ಸಲುವಾಗಿ ಬಡ್ಯಾಕ ಹತ್ತೀದಿ, ಆಕೀನ."

"ಆಕಿ ಲೆಕ್ಕದಾಗ ನೀರು ಕಡಿಮಿ ಬೀಳ್ತದ ರೀ." ಮಹಾನಂದಾ ತಿರುಗಿ ಕೂತಳು. ಮುಖದಲ್ಲಿ ಬಹಳ ದಿನಗಳ ನಂತರ ಬೆಳಕಿತ್ತು. "ಒಡ್ಡಿನೊಳಗ ಹೋದ ನೀರು, ಹೊರಗ ಬಂದ ನೀರು, ಒಳಗ ಉಳದ ನೀರು. ಮೂರೂ ತಾಳೆ ಆಗಬೇಕಲ್ಲ? ಆಗವಲ್ದು. ದಿನಾ ಒಂದೀಟು ಮಾಯ ಆಗ್ತದ. ಮನಿ ಮನಿ ಕೂಡಿಸಿ ದೊಡ್ಡ ಮನಿ ಮಾಡ್ತಾಳಲ್ಲ, ಆಗ ಚೆಲ್ಲಾಕ ಹತ್ತಾಳ. ನಂಗ ಮೊದಲ ಗೊತ್ತಿತ್ತು."

"ಅಂದ್ರ ಅಪಾಯ ಐತೇನು?"

ಮಹಾನಂದಾ ಆ ಪ್ರಶ್ನೆಯನ್ನು ಯೋಚಿಸಿಯೇ ಇರಲಿಲ್ಲ. "ಅಪಾಯ ಅಲ್ಲ ರೀ, ತಪ್ಪು" ಎಂದಳು.

ಮೂರು ತಿಂಗಳ ಅಂಕಿ ಅಂಶಗಳನ್ನು ಅವಳು ಹಟ ಹಿಡಿದು ಕೂಡಿಸಿದ್ದಳು. ಬೇರೆ ಯಾರೂ ಆ ಕೆಲಸ ಮಾಡುತ್ತಿರಲಿಲ್ಲ. ಹೊಸ ಲೆಕ್ಕ ಕಣಗಳ ಅಳತೆಗೆ ಸರಿಯಾಗಿ ಹೊಂದುತ್ತಿತ್ತು, ದೀಪಗಳು ಹಸಿರಾಗಿದ್ದವು. ಮತ್ತೇಕೆ ನೋಡಬೇಕು?

ವಾರದ ಸಭೆಯಲ್ಲಿ ನಿಂಗನಗೌಡರ ಮುಂದೆ, ಎಲ್ಲರ ಮುಂದೆ, ಮಹಾನಂದಾ ತನ್ನ ಆಪಾದನೆಯನ್ನು ಇಟ್ಟಳು. ಮಾತು ಸಭ್ಯವಾಗಿಯೇ ಇತ್ತು, ಆದರೆ ದನಿಯಲ್ಲಿದ್ದ ಖುಷಿ ಮರೆಯಾಗಲಿಲ್ಲ. ಸ್ವರೂಪಾ ಕೆಂಪಾದಳು. ಎದ್ದು ಹಲಗೆಯ ಹತ್ತಿರ ಹೋಗಿ, ಎರಡು ಮನೆಗಳು ಕೂಡುವಾಗ ನೀರು ಎಳ್ಳಷ್ಟೂ ಕಳೆಯುವುದಿಲ್ಲವೆಂದು ಹಂತ ಹಂತವಾಗಿ ಬರೆದು ತೋರಿಸಿದಳು. ಎಲ್ಲೂ ಬಿರುಕಿರಲಿಲ್ಲ. ಮಹಾನಂದಾಳಿಗೆ ಮೂರನೇ ಸಾಲಿಗೇ ಅದು ಸರಿಯೆಂದು ತಿಳಿಯಿತು. ಸುಂದರವಾಗಿತ್ತು, ತಾನು ಬರೆಯಬೇಕಾಗಿದ್ದ ಸಾಲು ಅದು.

"ಕಡಿಮಿ ಬೀಳೋದು ಬ್ಯಾರೆ ಕಡೆ ಮೇಡಂ," ಎಂದಳು ಸ್ವರೂಪಾ. "ಕಣದ ಅಳತಿ ನೋಡಿ ಲೆಕ್ಕ ತಿದ್ದಿಕೊಳ್ತೈತಲ್ರಿ, ಆಗ. ಲೆಕ್ಕ ಹೇಳಿದ್ದಕ್ಕಿಂತ ಮಣ್ಣು ಒಂಚೂರು ಒಣಗಿದ್ರ ಅಷ್ಟು ನೀರು ತಗದು ಹಾಕ್ತೈತಿ. ಅದು ಸಹಜ ಐತ್ರಿ. ಅಳತಿ ಅಂದ್ರ ಸತ್ಯ, ಲೆಕ್ಕ ಅಂದ್ರ ಅಂದಾಜು."

"ಮುಗೀತಲ್ಲ," ಎಂದರು ನಿಂಗನಗೌಡರು, ಮಹಾನಂದಾಳ ಕಡೆ ನೋಡದೆ. "ಮೇಡಮ್ಮಾರೆ, ಹಿರಿಯರು ನೀವು. ಹುಡುಗರನ್ನ ಬೆಳಸಬೇಕು." ಯಾರೋ ಕೆಮ್ಮಿದರು. ನಗೆಯನ್ನು ನುಂಗಿದ ಕೆಮ್ಮು ಅದು.

ಆ ಮಧ್ಯಾಹ್ನ ಮಹಾನಂದಾ ತನ್ನ ಮೂಲೆಯ ಯಂತ್ರದ ಮುಂದೆ ಕೂತು ಕೈಯನ್ನು ಮಡಿಲಲ್ಲಿಟ್ಟುಕೊಂಡಿದ್ದಳು. ಸೋತ ಅವಮಾನಕ್ಕಿಂತ ಆ ಮೂರನೇ ಸಾಲು ಹೆಚ್ಚು ಸುಡುತ್ತಿತ್ತು. ಇನ್ನೊಬ್ಬರಾಗಿದ್ದರೆ ಅಲ್ಲಿಗೆ ಬಿಡುತ್ತಿದ್ದರು. ಅವಳಿಗೆ ಬಿಡಲಾಗಲಿಲ್ಲ, ಹೇಗಾದರೂ ಆ ಹುಡುಗಿಯ ಒಂದು ತಪ್ಪು ಸಿಗಬೇಕಿತ್ತು.

ತಿದ್ದುವಾಗ ನೀರು ಕಡಿಮೆಯಾಗುತ್ತದೆ, ಸರಿ. ಅಳತೆಯಲ್ಲಿ ಸಣ್ಣಪುಟ್ಟ ಏರುಪೇರು ಇದ್ದೇ ಇರುತ್ತದೆ. ಹಾಗಿದ್ದರೆ ಲೆಕ್ಕ ಒಮ್ಮೆ ನೀರನ್ನು ತೆಗೆಯಬೇಕು, ಒಮ್ಮೆ ಸೇರಿಸಬೇಕು. ಯಾವಾಗಲೂ ತೆಗೆಯುವುದೇ ಯಾಕೆ?

ಅವಳು ಎಲ್ಲೆಲ್ಲಿ ನೀರು ತೆಗೆಯಲಾಗಿದೆ ಎಂದು ಒಡ್ಡಿನ ಚಿತ್ರದ ಮೇಲೆ ಗುರುತು ಮಾಡುತ್ತ ಹೋದಳು. ಗುರುತುಗಳು ಚದುರಿ ಬೀಳಲಿಲ್ಲ. ಎಲ್ಲವೂ ಒಂದೇ ಕಡೆ, ಹಳೆಯ ಹಳ್ಳದ ಪಾತ್ರವನ್ನು ಮುಚ್ಚಿ ಒಡ್ಡು ಕಟ್ಟಿದ ಜಾಗದಲ್ಲಿ, ಇರುವೆ ಸಾಲಿನಂತೆ ಕೂಡಿದವು. ಅಲ್ಲಿ ಪ್ರತಿ ಗಂಟೆ ಲೆಕ್ಕ "ಇಲ್ಲಿ ಇಷ್ಟು ನೀರಿರಬೇಕು" ಎನ್ನುತ್ತಿತ್ತು, ಕಣಗಳು "ಇಲ್ಲ" ಎನ್ನುತ್ತಿದ್ದವು, ಲೆಕ್ಕ ಸುಮ್ಮನೆ ಅಷ್ಟನ್ನು ಅಳಿಸುತ್ತಿತ್ತು. ಸ್ವರೂಪಾಳ ಗಣಿತ ಸರಿ. ಕಣಗಳ ಅಳತೆಯೂ ಸರಿ. ಹಾಗಾದರೆ ಆ ನೀರು ನಿಜವಾಗಿಯೂ ಎಲ್ಲಿಗೋ ಹೋಗುತ್ತಿತ್ತು. ಒಡ್ಡಿನೊಳಗೆ ಯಾರ ಲೆಕ್ಕದಲ್ಲೂ ಇಲ್ಲದ ಒಂದು ದಾರಿ ಬಿದ್ದಿತ್ತು.

ಮಣ್ಣಿನ ಒಡ್ಡಿನಲ್ಲಿ ದಾರಿ ಬಿದ್ದರೆ ನೀರು ಬರಿಗೈಯಲ್ಲಿ ಹೋಗುವುದಿಲ್ಲ, ಮಣ್ಣನ್ನು ಕೊಂಚ ಕೊಂಚವೇ ಹೊತ್ತು ಹೋಗುತ್ತದೆ. ದಾರಿ ಬಿಲವಾಗುತ್ತದೆ, ಬಿಲ ಸುರಂಗವಾಗುತ್ತದೆ. ಆಮೇಲೆ ಒಡ್ಡು ನಿಲ್ಲುವುದಿಲ್ಲ.

ಮಹಾನಂದಾಳ ಮನಸ್ಸಿಗೆ ಮೊದಲು ಬಂದದ್ದು ಬೋರಗಟ್ಟಿಯಲ್ಲ. ಒಡ್ಡು ಸೋರಿತು ಎಂಬ ಸುದ್ದಿ, ಪರದೆಯ ಮುಂದೆ ತಲೆತಗ್ಗಿಸಿ ನಿಂತ ಸ್ವರೂಪಾ, "ಹಳೇ ಲೆಕ್ಕಾನ ಚೊಲೊ ಇತ್ತು ನೋಡ್ರಿ" ಎನ್ನುವ ನಿಂಗನಗೌಡರು. ಅದನ್ನು ಅವಳು ಕಣ್ತುಂಬ ನೋಡಿದಳು. ಸುಮ್ಮನಿದ್ದರೆ ಸಾಕು, ತಾನೇನೂ ಮಾಡಬೇಕಿಲ್ಲ ಎನ್ನಿಸಿತು. ಹಾಗೆ ಅನ್ನಿಸಿದ್ದು ಎಷ್ಟು ಹೊತ್ತೋ. ಆಮೇಲೆ ಕಲ್ಪನೆಯ ಆ ಚಿತ್ರದ ಕೆಳಭಾಗದಲ್ಲಿ ಏನಿದೆಯೆಂದು ಕಂಡಿತು: ಮನೆಗಳು, ಒಣಹಾಕಿದ ಬಟ್ಟೆ, ಕಟ್ಟಿದ ದನ. ಅವಳು ತಟ್ಟನೆ ಎದ್ದಳು. ಬಚ್ಚಲಿಗೆ ಹೋಗಿ ಮುಖಕ್ಕೆ ನೀರು ಎರಚಿಕೊಂಡಳು.

ಹೊರಗೆ ಬಂದು ನೇರವಾಗಿ ಸ್ವರೂಪಾಳ ಮೇಜಿನ ಹತ್ತಿರ ನಿಂತಳು. "ನಾ ಹೇಳಿದ ತಪ್ಪು ತಪ್ಪಾಗಿತ್ತು. ಆದ್ರ ನೀರು ಹೋಗಾಕ ಹತ್ತೈತಿ. ಇದನ್ನ ನೋಡು."

ಸ್ವರೂಪಾ ಗುರುತು ಮಾಡಿದ ಚಿತ್ರವನ್ನು ನೋಡಿದಳು. ಮುಖದಲ್ಲಿದ್ದ ಬಿಗುವು ಕರಗಿ ಭಯವಾಯಿತು. "ಗಾಡಿ ಕೀ ನನ್ನ ಕಡೆ ಐತ್ರಿ," ಎಂದಷ್ಟೇ ಹೇಳಿ ಎದ್ದಳು.

ಬೋರಗಟ್ಟಿಯಲ್ಲಿ ಒಡ್ಡಿನ ಬುಡಕ್ಕೆ ಹೋಗುವಾಗ ಬಿಸಿಲು ಇಳಿಯುತ್ತಿತ್ತು. ಕಂಬದ ದೀಪ ಹಸಿರು. ದೀಪದ ಕೆಳಗೆ, ಮೇವಿನ ಜೋಳದ ಹೊಲದ ಅಂಚಿನಲ್ಲಿ, ನಾಲ್ಕಾರು ಹೆಂಗಸರು ಬಟ್ಟೆ ಒಗೆಯುತ್ತಿದ್ದರು. ನೆಲದಿಂದ ಬುಗುಬುಗು ಎಂದು ನೀರು ಏಳುತ್ತಿತ್ತು. ಸುತ್ತ ಕಲ್ಲು ಜೋಡಿಸಿ, ಒಂದು ಕಲ್ಲಿಗೆ ಅರಿಸಿನ ಕುಂಕುಮ ಹಚ್ಚಿದ್ದರು.

"ಇದು ಯಾವಾಗ ಬಂತ್ರವ್ವಾ?" ಮಹಾನಂದಾ ಕೇಳಿದಳು.

"ಉಗಾದಿ ಆದಮ್ಯಾಲ್ರಿ ಅಕ್ಕಾರ," ಎಂದಳು ಒಬ್ಬ ಹೆಂಗಸು ಸೀರೆ ಹಿಂಡುತ್ತ. ಹೆಸರು ಹನುಮವ್ವ. "ಗಂಗವ್ವ ತಾನಾಗಿ ಮನಿ ಬಾಗಲಿಗೆ ಬಂದಾಳ್ರಿ. ಮೊದಲ ನೀರಿನ ಸಣ್ಣ ಊಟಿ, ಒರತಿ ಇತ್ತು, ಈಗ ನೋಡ್ರಿ, ಕೊಡ ಇಟ್ರ ಮಾತಾಡೂದ್ರಾಗ ತುಂಬತೈತಿ."

"ಯಾರಿಗೂ ಹೇಳ್ಲಿಲ್ಲೇನು?"

"ಹೇಳೂದ್ಯಾಕ್ರಿ? ದೀಪ ಹಸರ ಐತಲ್ಲ."

ಸ್ವರೂಪಾ ಆ ಮಾತು ಕೇಳಿ ಕಂಬದತ್ತ ನೋಡಿದಳು, ಕೂಡಲೇ ದೃಷ್ಟಿ ಬೇರೆ ಕಡೆ ಹೊರಳಿಸಿದಳು. ಮಹಾನಂದಾ ಬಗ್ಗಿ ಬೊಗಸೆಯಲ್ಲಿ ನೀರು ಹಿಡಿದಳು. ಹೆಂಗಸರ ಸೋಪಿನ ನೀರು ಇತ್ತ ಹರಿದಿರಲಿಲ್ಲ, ಆದರೂ ನೀರು ತಿಳಿಯಾಗಿರಲಿಲ್ಲ. ಅಲುಗಾಡಿಸದೆ ಹಿಡಿದು ಕಾದಳು. ಅಂಗೈಯ ಗೆರೆಗಳಲ್ಲಿ ಹಳದಿ ಜೇಡಿಮಣ್ಣಿನ ಸಣ್ಣ ಪುಡಿ ತಂಗಿತು. ಒಡ್ಡಿನ ನಡುಗರ್ಭಕ್ಕೆ ಮಾತ್ರ ಹಾಕಿದ್ದ ಮಣ್ಣು ಅದು. ಈ ಹೊಲದ್ದು ಕರಿಮಣ್ಣು.

"ಸ್ವರೂಪಾ."

"ಕಂಡ್ತ್ರಿ ಮೇಡಂ."

"ಹನುಮವ್ವಾ, ಬಟ್ಟಿ ಬಿಡು. ಮಕ್ಕಳು ಮರಿ ಕರಕೊಂಡು ಎಲ್ಲಾರೂ ಸಾಲಿ ದಿಬ್ಬಕ್ಕ ಹೋಗ್ರಿ."

"ಯಾಕ್ರಿ? ದೀಪ—"

"ದೀಪಕ್ಕ ಗೊತ್ತಿಲ್ಲ," ಎಂದಳು ಸ್ವರೂಪಾ. "ದೀಪದ ಹಿಂದಿನ ಲೆಕ್ಕ ಮಾಡಿದಾಕಿ ನಾನ. ನನಗೂ ಗೊತ್ತಿರ್ಲಿಲ್ಲ. ಹೋಗ್ರಿ."

ನಿಂಗನಗೌಡರು ಮೊದಲು ಫೋನಿನಲ್ಲಿ ನಂಬಲಿಲ್ಲ. "ಮೇಡಮ್ಮಾರ ಮಾತು ಕಟಗೊಂಡು ನೀನೂ..." ಎಂದು ಶುರು ಮಾಡಿದರು. ಸ್ವರೂಪಾ ಅವರಿಗೆ ಮುಂದೆ ಮಾತಾಡಲು ಬಿಡಲಿಲ್ಲ. ನನ್ನ ಲೆಕ್ಕವನ್ನು ಬಾಗಿಲುಗಳಿಂದ ಬಿಡಿಸಿ, ಕೈಯಿಂದಲೇ ತೆರೆಯಿರಿ, ಒಡ್ಡಿನ ಮೇಲಿನ ಭಾರ ಇಳಿಯಬೇಕು ಎಂದು ಗದರಿಸಿಯೇ ಹೇಳಿದಳು. ಬಾಗಿಲುಗಳು ಮೇಲೆದ್ದವು. ಹೆಂಡತಿಯ ಫೋನು ಬಂದೊಡನೆ ಪ್ರಭುಲಿಂಗ ತನ್ನ ಜೀಪು ತಂದು, ಕಟ್ಟಿದ ದನಗಳ ಕಣ್ಣಿ ಬಿಚ್ಚುತ್ತ ಮನೆಯಿಂದ ಮನೆಗೆ ಓಡಾಡಿದ. ಊರಿನವರು ಬೈದರು, ಅತ್ತರು, ಕೋಳಿಗಳನ್ನು ಬುಟ್ಟಿಯಲ್ಲಿ ಮುಚ್ಚಿಕೊಂಡು ನಡೆದರು.

ಆದರೆ ಜಲಾಶಯ ಬರಿದಾಗಲು ದಿನಗಳು ಬೇಕು. ಅಷ್ಟರೊಳಗೆ ಆ ಬಿಲ ಎಲ್ಲಿಂದ ಎಲ್ಲಿಗೆ ಹೋಗಿದೆಯೆಂದು ತಿಳಿದು ಸಿಮೆಂಟು ತುಂಬಬೇಕಿತ್ತು. ಎಲ್ಲೆಂದರಲ್ಲಿ ಕೊರೆದರೆ ಒಡ್ಡು ಇನ್ನಷ್ಟು ಬಿರಿಯುತ್ತದೆ.

"ನನ್ನ ಲೆಕ್ಕದಾಗ ಒಂದು ದಾರಿ ಊಹಿಸಿ ನೋಡಾಕ ಅರ್ಧ ದಿನ ಬೇಕು," ಎಂದಳು ಮಹಾನಂದಾ.

"ನನ್ನದ್ರಾಗ ಆಗ್ತೈತ್ರಿ," ಎಂದಳು ಸ್ವರೂಪಾ. "ಅಳಿಸಿದ ನೀರಿಂದ ಹಿಂದಕ್ಕ ಹೋಗೋಣು. ಸಾವಿರಾರು ದಾರಿ ಊಹಿಸಿ, ಯಾವ ದಾರಿಗೆ ಇಷ್ಟ ನೀರು ಇಲ್ಲೇ ಕಡಿಮಿ ಬೀಳ್ತೈತಿ ಅಂತ ನೋಡೋಣು. ನೀವು ಊಹೆ ಹೇಳ್ರಿ. ಯಾವುದು ಆಗೂದು, ಯಾವುದು ಆಗಂಗಿಲ್ಲ ಅನ್ನೂದು ನಿಮಗ ಗೊತ್ತು."

ಮರುದಿನ ಬೆಳಗಿನಿಂದ ಇಬ್ಬರೂ ಒಂದೇ ಪರದೆಯ ಮುಂದೆ ಕೂತರು. ಹಳ್ಳದ ಹಳೆಯ ಮರಳಿನ ಪಾತ್ರ, ಅದರ ಮೇಲೆ ಹೊಸ ಜೇಡಿ ಕೂತ ರೀತಿ, ಎಲ್ಲಿ ಮಣ್ಣು ಕುಸಿದಿರಬಹುದು: ಮಹಾನಂದಾ ಹೇಳುತ್ತ ಹೋದಳು. ಸ್ವರೂಪಾಳ ಬೆರಳುಗಳು ಓಡಿದವು. ಆ ಮನೆಗಳು ಒಡೆಯುತ್ತ, ಕೂಡುತ್ತ, ನೀರಿನ ಹಿಂದೆ ಹಿಂಡಿನಂತೆ ಓಡುವುದನ್ನು ಮಹಾನಂದಾ ಮೊದಲ ಬಾರಿ ಹತ್ತಿರದಿಂದ ನೋಡಿದಳು. ಇಷ್ಟು ದಿನ ನೋಡಬಾರದೆಂದು ಹಟ ಹಿಡಿದಿದ್ದಳು. ಅದು ತನ್ನದಲ್ಲವಲ್ಲ ಎಂದು ಒಳಗೆ ಯಾರೋ ಚಿವುಟಿದಂತಾಗುತ್ತಿತ್ತು. ಆದರೂ ಮುಂದಿನ ಊಹೆಯನ್ನು ಹೇಳುತ್ತಿದ್ದಳು. ಮಧ್ಯಾಹ್ನಕ್ಕೆ ಒಂದು ದಾರಿ ಉಳಿದ ಎಲ್ಲವನ್ನೂ ಹಿಂದೆ ಹಾಕಿ ನಿಂತಿತು. ಎತ್ತಿನ ಕೊಂಬಿನಂತೆ ಬಾಗಿ, ಹಳ್ಳದ ಪಾತ್ರದ ಅಂಚು ಹಿಡಿದು ಇಳಿದಿತ್ತು.

ಅಲ್ಲೇ ಕೊರೆದರು. ಕೊರೆಯುವ ಸಲಾಕೆ ಒಂದು ಆಳದಲ್ಲಿ ತಟ್ಟನೆ ಖಾಲಿ ಜಾಗಕ್ಕೆ ಬಿತ್ತು. ಸಿಮೆಂಟಿನ ಹಾಲು ತುಂಬಿದಂತೆಲ್ಲ ಬೋರಗಟ್ಟಿಯ ಊಟೆ ಬುಗುಬುಗು ನಿಲ್ಲಿಸಿ, ಜಿನುಗಿ, ಮೂರನೆಯ ದಿನ ಆರಿತು. ಕಲ್ಲುಗಳ ನಡುವೆ ಹಳದಿ ಮಣ್ಣಿನ ಒಂದು ಗುಡ್ಡೆ ಮಾತ್ರ ಉಳಿಯಿತು. ಹನುಮವ್ವ ಅದನ್ನು ನೋಡಿ, "ಇಷ್ಟೂ ಒಳಗಿಂದ ಬಂದದ್ದೇನ್ರಿ?" ಎಂದು ಎದೆಯ ಮೇಲೆ ಕೈಯಿಟ್ಟಳು.

ಪತ್ರಿಕೆಗಳಲ್ಲಿ ಸ್ವರೂಪಾಳ ಫೋಟೋ ಬಂತು. ಬಿಲವನ್ನು ಕಂಡುಹಿಡಿದದ್ದು ಹೊಸ ಲೆಕ್ಕವೇ ತಾನೇ. ಇಲಾಖೆಯ ಸಮಾರಂಭದಲ್ಲಿ ಶಾಲು ಹೊದಿಸಿದಾಗ ಸ್ವರೂಪಾ ಧ್ವನಿವರ್ಧಕ ಹಿಡಿದು, "ನೀರು ಕಾಣೆ ಆಗೈತಿ ಅಂತ ಕಂಡದ್ದು ಮಹಾನಂದಾ ಮೇಡಂ. ನಾ ಅದನ್ನ ಸಹಜ ಅಂತ ಬಿಟ್ಟಿದ್ದೆ" ಎಂದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಅವಳ ಆ ದೊಡ್ಡತನವನ್ನು ಮೆಚ್ಚಿ ತಟ್ಟಿದ್ದು.

ಮನೆಗೆ ಬಂದು ಮಹಾನಂದಾ ಸೀರೆಯ ಪಿನ್ನು ಬಿಚ್ಚುತ್ತ, "ಹೊಟ್ಟಿಕಿಚ್ಚು ಹೋಗಿಲ್ರಿ" ಎಂದಳು.

ಪ್ರಭುಲಿಂಗ ನಗಲಿಲ್ಲ. "ಹೋಗಿದ್ರ ಈ ಸಲ ಊರು ಹೋಗ್ತಿತ್ತು."

"ಹಂಗನಬ್ಯಾಡ್ರಿ. ನಾ ಊರು ಉಳಸಾಕ ನೋಡ್ಲಿಲ್ಲ. ಆಕಿನ್ನ ಕೆಡವಾಕ ನೋಡಿದ್ನಿ."

"ಕೆಡವಾಕರ ಆಗ್ಲಿ, ನೋಡಿದಾಕಿ ನೀ ಒಬ್ಬಾಕಿನ ಹೌದಿಲ್ಲೋ?" ಎಂದು ಅವನು ಒಳಗೆ ಹೋದ.

ಆ ಮಾತು ಅವಳನ್ನು ಬಿಡಲಿಲ್ಲ. ಬಾಗಿಲುಗಳನ್ನು ಇನ್ನು ಎರಡೂ ಲೆಕ್ಕಗಳಿಗೆ ಜೋಡಿಸಬೇಕು, ಎರಡೂ ಒಪ್ಪಿದರೆ ಮಾತ್ರ ದೀಪ ಹಸಿರಾಗಬೇಕು ಎಂದು ಇಲಾಖೆ ತೀರ್ಮಾನಿಸಿತು. ಮಹಾನಂದಾ ತನ್ನ ಲೆಕ್ಕವನ್ನು ಮೊದಲಿನಿಂದ ತಿದ್ದಿ ಹೊಸದಾಗಿ ಕಟ್ಟಿ, ಅದನ್ನು ಸ್ವರೂಪಾಳಿಗೆ ಒಪ್ಪಿಸಿ, "ತಪ್ಪು ಹುಡುಕು" ಎಂದಳು.

ಸ್ವರೂಪಾ ಅಂದು ಸಂಜೆಗೇ ಬಂದಳು. "ಎಲ್ಲಾ ಚೊಲೊ ಐತ್ರಿ ಮೇಡಂ. ನಿಮ್ಮ ಕೆಲಸದಾಗ ನಾ ಏನ್ ಹುಡಕ್ಲಿ?"

"ನೀ ನೋಡೇ ಇಲ್ಲ."

"ನೋಡೀನ್ರಿ, ಖರೇವಂದ್ರೂ—"

"ಕೈ ಮುಗುದು ನೋಡಿದ್ರ ಏನ್ ಕಾಣ್ತದ?" ಮಹಾನಂದಾಳ ದನಿ ಏರಿತು. "ನಾ ನಿಂದು ಹೆಂಗ ನೋಡಿದ್ನಿ ಗೊತ್ತೈತೇನು? ಹೊಟ್ಟಿಕಿಚ್ಚಿಲೆ ನೋಡಿದ್ನಿ. ನೀ ಬಿದ್ರ ಸಾಕು ಅಂತ ಮೂರು ತಿಂಗಳು ಒಂದೊಂದು ಹನಿ ಎಣಸಿದ್ನಿ. ಹಂಗ ನೋಡು. ನಂಗ ನಿನ್ನ ಮರ್ಯಾದಿ ಬ್ಯಾಡ."

ಸ್ವರೂಪಾಳ ಮುಖ ಬಿಳಿಚಿಕೊಂಡಿತು. ಅವಳು ತಿರುಗಿ ಹೊರಟುಹೋದಳು. ಹಲವು ದಿನ ಅವಳು ಮಹಾನಂದಾಳ ಜೊತೆ ಸರಿಯಾಗಿ ಮಾತಾಡಲಿಲ್ಲ, ಚಹಾಕ್ಕೂ ಕರೆಯಲಿಲ್ಲ. ತನ್ನ ಮೇಜಿನಲ್ಲಿ ತಲೆಬಗ್ಗಿಸಿ ಕೂತಿರುತ್ತಿದ್ದಳು. ಮಹಾನಂದಾ ನಡುವೆ ಹೋಗಿ ಸಮಾಧಾನದ ಮಾತಾಡಬೇಕೆಂದುಕೊಂಡಳು, ಆದರೆ ಹೋಗಲಿಲ್ಲ.

ಒಂದು ಬೆಳಗ್ಗೆ ಕೊಠಡಿಯ ಬಾಗಿಲು ಧಡಾರನೆ ತೆರೆಯಿತು. ಸ್ವರೂಪಾ ದಾಪುಗಾಲು ಹಾಕಿ ಬಂದು ಮಹಾನಂದಾಳ ಪರದೆಯ ಮೇಲೆ ಬೆರಳಿಟ್ಟಳು.

"ಒಡ್ಡಿನ ತಳದಾಗ ಗಟ್ಟಿ ಬಂಡೆಗಲ್ಲು ಐತಿ, ನೀರು ಇಳಿಯಂಗಿಲ್ಲ ಅಂತ ಇಪ್ಪತ್ತು ವರ್ಷದಿಂದ ಹಿಡದೀರಿ. ಇಲ್ಲೇ ಬಂಡೆಗಲ್ಲು ಸೀಳೈತ್ರಿ ಮೇಡಂ. ಕೊರದಾಗ ಬಂದ ಕಲ್ಲು ನೋಡ್ರಿ. ನಿಮ್ಮ ಲೆಕ್ಕ ಮಳಿಗಾಲದಾಗ ನೀರನ್ನ ಮ್ಯಾಲ ಮ್ಯಾಲ ಏರಿಸ್ತೈತಿ, ಇಲ್ಲದ ನೀರು! ನೀವು ಒಂದು ಹನಿ ಕಳಕೊಂಡಿಲ್ಲ ಖರೆ. ಇಲ್ಲದ್ದನ್ನ ಕೂಡಿಸೀರಿ."

ಅವಳ ಉಸಿರು ಮೇಲೆ ಕೆಳಗೆ ಆಡುತ್ತಿತ್ತು. ಕಣ್ಣುಗಳು ಹೊಳೆಯುತ್ತಿದ್ದವು. ಆ ಖುಷಿಯನ್ನು ಮುಚ್ಚಿಡಲು ಅವಳು ಪ್ರಯತ್ನಪಟ್ಟರೂ ತುಟಿಯ ಒಂದು ಮೂಲೆ ಮಾತು ಕೇಳುತ್ತಿರಲಿಲ್ಲ.

ಮಹಾನಂದಾ ಪರದೆಯನ್ನು ನೋಡಿದಳು. ಹುಡುಗಿ ಹೇಳಿದ್ದು ನಿಜವಾಗಿತ್ತು. ಎದೆಯೊಳಗೆ ಏನೋ ಹರಿದಂತೆ ನೋವಾಯಿತು. ಅವಳು ಪಕ್ಕದ ಕುರ್ಚಿಯನ್ನು ಕಾಲಿನಿಂದ ಹತ್ತಿರ ಎಳೆದಳು.

"ಕುಂದ್ರು," ಎಂದಳು. "ಇನ್ನೂ ಎಲ್ಲೆಲ್ಲಿ ಅದಾವ, ತೋರ್ಸು."